ಬೀಗರ ಎಲೆಗೆ ಬಿದ್ದ ಮೊಲ

ಬಿನ್ನಿಪೇಟೆಯ ಮುನಿರಾಮಪ್ಪ ತಾರಸಿಯ ಮೇಲೆ ಮೊಲ ಸಾಕಿದ್ದು ಮುದ್ದಿಗಲ್ಲ. ಸೋವಿಯತ್ ಚಿಂಚಿಲಾ ತಳಿ. ಮಾಂಸ ಹೋಟೆಲಿಗೆ, ಚರ್ಮ ಟೋಪಿ ಹೊಲಿಯುವವರಿಗೆ, ಅಪರೂಪಕ್ಕೆ ಚೆಂದ ಬಂದದ್ದು ಪ್ರದರ್ಶನಕ್ಕೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಎಸೆದ ಹೂಕೋಸಿನ ಎಲೆಯನ್ನು ಮದುವೆ ಮನೆಗೆ ವೀಳ್ಯದೆಲೆ ಆರಿಸುವವರಂತೆ ಆರಿಸಿ ತರುತ್ತಿದ್ದ. ದೊರೆ ಎಂಬ ಗಂಡು ಮೊಲದ ಬೆನ್ನಿಗೆ ಉಫ್ ಎಂದು ಊದಿದರೆ ತುಪ್ಪಳ ಬಿರಿದು ಬೂದಿ, ಬಿಳಿ, ಕಪ್ಪು ಬಳೆಬಳೆಯಾಗಿ ಕಾಣುತ್ತಿತ್ತು. ತೀರ್ಪುಗಾರರು ನೋಡುವುದೂ ಅದನ್ನೇ. ಮನೆಗೆ ಕಪ್ ತಂದುಕೊಟ್ಟದ್ದೂ ಅದೇ.

ಮಗಳು ವಿಶಾಖಾ ಹೆರಿಗೆಗೆ ತವರಿಗೆ ಬಂದಳು. ಹುಟ್ಟಿದ ಗಂಡುಮಗುವಿನ ಮೇಲ್ದುಟಿ ಸೀಳಿತ್ತು. ಕೆಲವು ತಿಂಗಳಾದ ಮೇಲೆ ಹೊಲಿದರೆ ಸರಿಹೋಗುತ್ತದೆ ಎಂದರು ಡಾಕ್ಟರು. ಆದರೆ ವೈಯಾಲಿಕಾವಲ್‌ನಿಂದ ಮೊಮ್ಮಗನನ್ನು ನೋಡಲು ಬಂದ ಅವಳ ಅತ್ತೆ ಪಾರ್ವತಮ್ಮ ತೊಟ್ಟಿಲಿಗೆ ಬಗ್ಗಿ ನೋಡಿ, ತಾರಸಿಯ ಕಡೆ ಕಣ್ಣೆತ್ತಿದರು.

"ಬಸುರಿ ಹೆಂಗಸು ದಿನಾ ಮೊಲದ ಸೀಳುತುಟಿ ನೋಡಿದ್ರೆ ಇನ್ನೆಂಥ ಮಗು ಹುಟ್ತದೆ? ಅವು ಈ ಮನೇಲಿರೋವರ್ಗೂ ತಾಯಿ ಮಗೂನ ಕರ್ಕೊಂಡ್ಹೋಗೋ ಮಾತಿಲ್ಲ."

ಅಳಿಯ ಮುತ್ತುರಾಜ್ ಫೋನ್ ಎತ್ತುವುದನ್ನೂ ಬಿಟ್ಟ. ಇದೆಲ್ಲ ಅಡಗೂಲಜ್ಜಿ ಕಥೆ ಎಂದು ಮುನಿರಾಮಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ವಿಶಾಖಾ ಹೊಟ್ಟೆಯಲ್ಲಿದ್ದಾಗ ಹೆಂಡತಿ ಕಮಲಮ್ಮ ದಿನವೂ ಇದೇ ಗೂಡುಗಳನ್ನು ತೊಳೆದವಳು. ಗೊತ್ತಿದ್ದು ಏನು ಬಂತು? ಹೆಣ್ಣು ಹೆತ್ತವರು ತಗ್ಗಿ ಬಗ್ಗಿ ನಡೆಯಬೇಕಂತೆ. ಆ ಮಾತು ಹುಟ್ಟಿಸಿದವರ ಬಾಯಿಗೆ ಮಣ್ಣು ಹಾಕ. ಅವನು ತಗ್ಗಿದ. ಬೀಗರನ್ನು ಭಾನುವಾರ ಊಟಕ್ಕೆ ಕರೆದ.

"ಕುಯ್ಬೇಡಪ್ಪ," ಎಂದಳು ವಿಶಾಖಾ.

"ನಿನ್ ಸಂಸಾರಕ್ಕಿಂತ ಮೊಲ ದೊಡ್ದಾ? ಸುಮ್ನಿರು."

ಎಷ್ಟೋ ಮೊಲ ಕೊಯ್ದ ಕೈ ಅದು, ಒಂದೊಂದೇ ಗೂಡು ಬರಿದು ಮಾಡುತ್ತಾ ಹೋಯಿತು. ಹಾಲೂಡುವ ತಾಯಿ ಮೊಲಗಳನ್ನೂ ಬಿಡಲಿಲ್ಲ. ಅವುಗಳ ಮರಿಗಳ ಗತಿ ಏನಾಯಿತೆಂದು ಕಮಲಮ್ಮ ಕೇಳಲಿಲ್ಲ. ಕೊನೆಗೆ ಗೂಡಿಗೆ ಕೈ ಹಾಕಿದಾಗ ದೊರೆ ಎಂದಿನಂತೆ ಬೆನ್ನೊಡ್ಡಿ, ಊದಲಿ ಎಂದು ಕಾದು ಕುಳಿತಿತು. ಮುನಿರಾಮಪ್ಪ ಅತ್ತುಬಿಟ್ಟ. ಅಳುತ್ತಲೇ ಕೆಲಸ ಮುಗಿಸಿದ.

ಬೀಗರ ಎಲೆಗೆ ಮುದ್ದೆ, ಮೊಲದ ಸಾರು, ಚಾಪ್ಸ್ ಬಿತ್ತು. ಗೂಡಿನಲ್ಲಿದ್ದರೆ ದೋಷ ತರುವ ಪ್ರಾಣಿ ಸಾರಾದರೆ ಯಾರಿಗೂ ದೋಷವಿಲ್ಲ ನೋಡಿ. ಪಾರ್ವತಮ್ಮ ಮೂಳೆ ಚೀಪಿ, ಇನ್ನೊಂದು ಸೌಟು ಹಾಕಿಸಿಕೊಂಡರು. ಕಮಲಮ್ಮ ಮಗಳ ಬ್ಯಾಗು ಕಟ್ಟಿ ಬಾಗಿಲ ಬಳಿ ತಂದಿಟ್ಟಳು.

ಎಲೆಯಡಿಕೆ ಮಡಿಸುತ್ತಾ ಪಾರ್ವತಮ್ಮ, "ಹುಡುಗಿ ಬರ್ಲಿ. ಮಗು ಇಲ್ಲೇ ಇರ್ಲಿ," ಎಂದರು.

"ಅದ್ಯಾಕಮ್ಮ?" ಎಂದ ಮುನಿರಾಮಪ್ಪ. "ಮೊಲ ಒಂದೂ ಇಲ್ವಲ್ಲ. ನೀವೇ ಮೇಲ್ಹೋಗಿ ನೋಡ್ಬನ್ನಿ."

"ನೋಡೋದೇನಿದೆ. ದೋಷ ಇಲ್ದಿದ್ರೆ ಕಪ್ ಗೆದ್ದಿದ್ ಮೊಲಾನ ಯಾರಾದ್ರೂ ಕುಯ್ತಾರಾ? ಇದು ನಿಮ್ಮನೆಯಿಂದ್ಲೇ ಬಂದಿದ್ದು ಅಂತ ನೀವೇ ಒಪ್ಕೊಂಡ್ರಲ್ಲ. ನಿಮ್ಮನೇಲೇ ಬೆಳೀಲಿ."

ಮುನಿರಾಮಪ್ಪ ಅಳಿಯನ ಮುಖ ನೋಡಿದ. ಅವನು ಹಲ್ಲುಸಂದಿ ಕೆದಕುತ್ತಿದ್ದ.

ವಿಶಾಖಾ ಮಗುವಿಗೆ ಚಮಚದಲ್ಲಿ ಹಾಲು ಕುಡಿಸುತ್ತಿದ್ದಳು. ಸೀಳಿನಿಂದ ಹೊರಬಂದದ್ದನ್ನು ಸೆರಗಿನಲ್ಲಿ ಒರೆಸಿದಳು. ಅತ್ತೆಯನ್ನಾಗಲಿ ಗಂಡನನ್ನಾಗಲಿ ತಿರುಗಿಯೂ ನೋಡಲಿಲ್ಲ, ಅಪ್ಪನನ್ನು ನೋಡಿದಳು.

"ನೀನೂ ಅದನ್ನ ನಂಬಿದೆ ಅಂತಾಯ್ತಲ್ಲಪ್ಪ," ಎಂದಳು. "ನಾಳೆ ಇವನೇ ಮೊಲದಿಂದ ಹಿಂಗಾಯ್ತಾ ಅಂತ ನನ್ನ ಕೇಳಿದ್ರೆ, ಸುಳ್ಳು ಕಣೋ ಅಂತ ಹೆಂಗ್ ಹೇಳ್ಲಿ?"