ಬಳ್ಳೊಳ್ಳಿಯವರ ಅಡ್ಡಹೆಸರು

ನಮ್ಮ ಕಡೆ ಮನೆತನದ ಹೆಸರಿಗೆ ಅಡ್ಡಹೆಸರು ಎನ್ನುತ್ತಾರೆ. ನಮ್ಮದು ಬಳ್ಳೊಳ್ಳಿ. ಇದನ್ನೇ ಬೆಳ್ಳುಳ್ಳಿ ಎಂದು ನಾಜೂಕಾಗಿ ಕರೆಯುವ ಜನವೂ ಇದ್ದಾರೆ, ಇರಲಿ. ಕಳೆದ ತಿಂಗಳು ಊಟಕ್ಕೆ ಕೂತಾಗ ನನ್ನ ಮಗ ಪ್ರೀತಮ ಈ ಹೆಸರಿಗೇ ಕೈಹಾಕಿದ.

"ಅಪ್ಪಾ, ಈ ಅಡ್ಡಹೆಸರು ಎಲ್ಲಾದಕ್ಕೂ ಅಡ್ಡ ಬರಾಕತ್ತೈತಿ. ಎಮಿರೇಟ್ಸ್ ಐಡಿ ಕಾರ್ಡಿನಾಗ ಒಂದು ಎಲ್ ಕಮ್ಮಿ, ಸಾಲಿ ಸರ್ಟಿಫಿಕೇಟಿನಾಗ ಒಂದು ಎಲ್ ಜಾಸ್ತಿ. ಶಿವಾನಿ ಪಾಸ್‌ಪೋರ್ಟ್ ರಿನೀವಲ್ ಐತಲ್ಲ, ಈ ಸಲ ತೆಗೆಸಿಬಿಡ್ತೀನಿ. ಶಿವಾನಿ ಪ್ರೀತಮ, ಖಲಾಸ್."

"ಸ್ಕೂಲಲ್ಲಿ ಎಲ್ಲಾರೂ ಬಳ್ಳೊಳ್ಳಿನ ಲಾಲಿ, ಲಾಲಿಪಾಪ್ ಅಂತಾರೆ ಅಜ್ಜಾ. ಸೋ ಎಂಬರಾಸಿಂಗ್," ಎಂದಳು ಮೊಮ್ಮಗಳು. ಹದಿನಾಲ್ಕು ವರ್ಷ, ಹಲ್ಲಿಗೆ ತಂತಿ, ಮಾತಿಗೆ ಇಂಗ್ಲಿಷು.

ನಾನು ಮುರಿದ ರೊಟ್ಟಿಯನ್ನು ತಟ್ಟೆಗಿಟ್ಟೆ. ಇಪ್ಪತ್ತಾರು ವರ್ಷ ಮದೀನತ್ ಜಾಯೆದ್‌ನ ಗ್ಯಾಸ್ ಪ್ಲಾಂಟಿನಲ್ಲಿ ದುಡಿದು, ಈಗ ಮಗನ ವೀಸಾದ ಮೇಲೆ ದುಬೈನ ಮಿರ್ದಿಫ್‌ನಲ್ಲಿ ಕೂತು ತಿನ್ನುತ್ತಿರುವ ಮುದುಕ ನಾನು, ಶೇಖಪ್ಪ. ಹೊಲ ಮಾರಿ ಮೂವತ್ತು ವರ್ಷವಾಯಿತು. ಗದಗ ಸೀಮೆಯ ನಮ್ಮ ಊರಿನದು ಅಂತ ನಮ್ಮ ಹತ್ತಿರ ಉಳಿದದ್ದು ಈ ಹೆಸರೊಂದೇ. ಪ್ರೀತಮನಿಗೆ ಒಬ್ಬಳೇ ಮಗಳು. ಅವಳು ಹೆಸರು ಬಿಟ್ಟರೆ ಅದು ಅಲ್ಲಿಗೆ ಮುಗಿಯಿತು.

ಸಿಟ್ಟಿನಲ್ಲೇ ಹಳೆಯ ಕಥೆಯನ್ನು ನೂರಾ ಒಂದನೆಯ ಸಲ ಹೇಳಿದೆ. ನಮ್ಮ ಮುತ್ತಜ್ಜ ನಿಂಗಪ್ಪ ಪ್ಲೇಗಿನ ವರ್ಷ ಊರಿನ ಬಾಣಂತಿಯರಿಗೆಲ್ಲ ಒಂದು ಚಕ್ಕಡಿ ಬಳ್ಳೊಳ್ಳಿ ಪುಕ್ಕಟೆ ಹಂಚಿದ. ಊರವರು ಸೇರಿ ಅವನಿಗೆ ಆ ಹೆಸರನ್ನು ಬಿರುದಾಗಿ ಕೊಟ್ಟರು.

"ಐ ನೋ, ಅಜ್ಜಾ," ಎಂದು ಶಿವಾನಿ ತಟ್ಟೆ ಎತ್ತಿಕೊಂಡು ಹೋದಳು.

ಮರುದಿನ ಸಂಜೆ ಪಕ್ಕದ ವಿಲ್ಲಾದ ಬೆನೆಡಿಕ್ಟ್ ಸಾಹೇಬರ ಅಂಗಳಕ್ಕೆ ಹೋದೆ. ಇಂಗ್ಲೆಂಡಿನವರು, ದುಬೈನಲ್ಲಿ ಇಪ್ಪತ್ತೆರಡು ವರ್ಷ ಮೇಷ್ಟ್ರಾಗಿದ್ದವರು. ಒಂಬತ್ತು ವರ್ಷದಿಂದ ನಾವಿಬ್ಬರೂ ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತೇವೆ. ತಲೆಯ ಮೇಲೆ ವಿಮಾನ ಹೋದಾಗ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ನಿಲ್ಲಿಸಿದ ಶಬ್ದದಿಂದಲೇ ಮುಂದುವರಿಸುತ್ತೇವೆ. ನನಗೆ ಅವರು ಮಿಸ್ಟರ್ ಬೆನೆಡಿಕ್ಟ್, ಅವರಿಗೆ ನಾನು ಮಿಸ್ಟರ್ ಶೇಖಪ್ಪ. ಮುಂದಿನ ವಾರ ಅವರು ಕಾಯಂ ಆಗಿ ಸಫೋಕ್ ಕಡೆಯ ತಮ್ಮ ಹಳ್ಳಿಗೆ ಹೊರಟಿದ್ದರು. ಅದನ್ನು ನೆನೆದರೆ ನನಗೆ ಚಹಾ ಸಪ್ಪೆಯಾಗುತ್ತಿತ್ತು.

ಅಂದು ಅವರು ಒಂದು ತೆಳು ಪುಸ್ತಕ ಕೈಗಿಟ್ಟರು. ತಮ್ಮ ಹಳ್ಳಿಯ ನೆನಪುಗಳನ್ನು ಕೂಡಿಸಿ, ಅಲ್ಲಿನ ಚರ್ಚಿನವರಿಗಾಗಿ ಬರೆದದ್ದು. ಯಾವ ಹೊಲಕ್ಕೆ ಯಾಕೆ ಆ ಹೆಸರು, ಯಾವ ಬಾವಿಯನ್ನು ಯಾರು ತೋಡಿಸಿದರು, ಎಲ್ಲಾ ಇತ್ತು. ಒಂದು ಗುಡ್ಡಕ್ಕೆ ಹಸಿವಿನ ಗುಡ್ಡ ಎಂದೇ ಹೆಸರು. ಏನೂ ಬೆಳೆಯದ ನಮ್ಮೂರ ಮಡ್ಡಿ ಹೊಲ ಕಣ್ಣ ಮುಂದೆ ಬಂತು. ಪುಸ್ತಕ ಮಗುಚಿ ಮುಖಪುಟ ನೋಡಿದೆ: ಬೆನೆಡಿಕ್ಟ್ ಗಾರ್ಲಿಕ್.

"ಇದು ನಿಮ್ಮ ಅಡ್ಡಹೆಸರೇ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಹೌದೆಂದರು. ಹಿಂದೆ ಯಾರೋ ಸಂತೆಯಲ್ಲಿ ಬೆಳ್ಳುಳ್ಳಿ ಮಾರುತ್ತಿದ್ದರಂತೆ. ನಾನು ನಗತೊಡಗಿದೆ. ಚಹಾ ಲುಂಗಿಯ ಮೇಲೆ ಚೆಲ್ಲಿತು. ಸಾಹೇಬರ ಮುಖ ಕೆಂಪಾಯಿತು. ನನ್ನ ಹೆಸರನ್ನು ಬಿಡಿಸಿ ಹೇಳಿದ ಮೇಲೆ ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂಬತ್ತು ವರ್ಷ ಎರಡು ಬೆಳ್ಳುಳ್ಳಿಗಳು ಒಂದೇ ಗೋಡೆಯ ಆಚೆ ಈಚೆ ಇದ್ದು ಗೊತ್ತೇ ಆಗಿರಲಿಲ್ಲ!

ಆಮೇಲೆ ಅವರು ಒಂದು ಪುಟ ತೆಗೆದು ತೋರಿಸಿದರು. ಅವರ ಮುತ್ತಜ್ಜ ಜಮೀನ್ದಾರನ ಕಾಡಿನಲ್ಲಿ ಎರಡು ಮೊಲ ಕದ್ದು ಮೂರು ತಿಂಗಳು ಜೈಲಿನಲ್ಲಿದ್ದನಂತೆ. ಅದನ್ನೂ ಅಚ್ಚು ಹಾಕಿಸಿದ್ದರು.

"ಕಳ್ಳತನ ಯಾಕೆ ಬರೆದಿರಿ?" ಎಂದೆ.

"ಮನೆಯಲ್ಲಿ ಆರು ಮಕ್ಕಳಿದ್ದವು. ಅದನ್ನು ಬಿಟ್ಟರೆ ಅವನ ಬಗ್ಗೆ ಹೇಳುವುದಕ್ಕೆ ಬೇರೇನಿದೆ?" ಎಂದರು ಸಾಹೇಬರು. "ಅಲ್ಲದೆ, ನಾನು ಬರೆಯದಿದ್ದರೆ ಪಕ್ಕದ ಮನೆಯವರು ಬರೆಯುತ್ತಾರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತಾಯಿತು ನನಗೆ. ಒಂದು ವಿಮಾನ ಬಂತು. ಅದು ದಾಟುವ ಮೊದಲೇ ನಾನು ಎದ್ದು ಮನೆಗೆ ಬಂದೆ.

ಬುಧವಾರ ರಾತ್ರಿಯ ಊಟದ ಹೊತ್ತಿಗೆ, ಪಾಸ್‌ಪೋರ್ಟಿನ ಅರ್ಜಿ ಮೇಜಿನ ಮೇಲಿರುವಾಗ, ಬಾಯಿಬಿಟ್ಟೆ.

"ನಿಂಗಪ್ಪಜ್ಜ ಬಳ್ಳೊಳ್ಳಿ ಹಂಚಿರಲಿಲ್ಲ. ಕದ್ದಿದ್ದ."

ಪ್ರೀತಮ, ಶಿವಾನಿ, ನನ್ನ ಹೆಂಡತಿ ಮಹಾದೇವಿ, ಮೂರೂ ಜನ ನನ್ನ ಕಡೆ ನೋಡಿದರು.

ಅವನ ಹೆಂಡತಿ ಹಸಿಬಾಣಂತಿ. ಎದೆಯಲ್ಲಿ ಹಾಲಿಲ್ಲ. ಬಳ್ಳೊಳ್ಳಿ ತಿನ್ನಿಸು ಎಂದು ಸೂಲಗಿತ್ತಿ ಹೇಳಿದಳು. ಕೂಲಿಯವನು ಎಲ್ಲಿಂದ ತರಬೇಕು? ಗೌಡರ ಎರೆಹೊಲದಿಂದ ಒಂದು ಹಿಡಿ ಕಿತ್ತುಕೊಂಡ, ಸಿಕ್ಕಿಬಿದ್ದ. ಕೊರಳಿಗೆ ಬಳ್ಳೊಳ್ಳಿಯ ಮಾಲೆ ಹಾಕಿ ಊರೆಲ್ಲ ಮೆರವಣಿಗೆ ಮಾಡಿದರು. ಹುಡುಗರು ಹಿಂದಿನಿಂದ "ಬಳ್ಳೊಳ್ಳಿ ಬಂತೋ ಬಳ್ಳೊಳ್ಳಿ" ಎಂದು ಕೂಗಿದರು. ಆದರೆ ಅವನು ಊರು ಬಿಡಲಿಲ್ಲ. ಮೂರು ವರ್ಷ ಬಿಟ್ಟು ಅದೇ ಹೊಲವನ್ನು ಕೋರಿಗೆ, ಅಂದರೆ ಪಾಲಿಗೆ, ಹಿಡಿದು ಬಳ್ಳೊಳ್ಳಿಯನ್ನೇ ಬೆಳೆದ. ನನ್ನ ಕಾಲಕ್ಕೂ ಮನೆಯ ಜಂತಿಗೆಲ್ಲ ಅದರ ಗೊಂಚಲುಗಳೇ. ನಮ್ಮ ಅಂಗಿಯ ವಾಸನೆಯಿಂದಲೇ ಮಾಸ್ತರರು ಹಾಜರಿ ಹಾಕುತ್ತಿದ್ದರು. ಈಗ ಆ ವಾಸನೆಗಾಗಿ ನಾನು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿರುತ್ತೇನೆ.

"ಮುಂದ ಆ ಕೂಸಿನ್ನ ಸಾಲಿಗೆ ಹಚ್ಚಾಕ ನಿಂಗಪ್ಪಜ್ಜ ಹೋದಾಗ ಮಾಸ್ತರು ಅಡ್ಡಹೆಸರು ಕೇಳಿದ್ರು," ಎಂದೆ. "ನಮ್ಮದು ಮದಲ ಹೊಸಮನಿ ಅಂತ ಇತ್ತು. ಅದನ್ನ ಹೇಳಬಹುದಿತ್ತು. ನಿಂಗಪ್ಪಜ್ಜ ಹೇಳಲಿಲ್ಲ. 'ಬಳ್ಳೊಳ್ಳಿ ಅಂತ ಬರಕೋರಿ' ಅಂದ. ಆ ಕೂಸೇ ನನ್ನ ಅಜ್ಜ."

ಪ್ರೀತಮ ಸೋತವನಂತೆ ಕುರ್ಚಿಗೆ ಒರಗಿದ. "ನನ್ನ ಮದುವಿಯಾಗ ಬೀಗರ ಮುಂದೂ ಚಕ್ಕಡಿ ಕಥಿ ಹೇಳಿದ್ದೆಲ್ಲೋ ಅಪ್ಪಾ!"

"ನನಗ ಗೊತ್ತಿತ್ತು," ಎಂದಳು ಮಹಾದೇವಿ, ಸಾರು ಬಡಿಸುತ್ತಾ. "ಪ್ರೀತಮ ಹುಟ್ಟಿದಾಗ ನಾ ಬಳ್ಳೊಳ್ಳಿ ಒಲ್ಲೆ ಅಂದಿದ್ದೆ. ಅತ್ತಿ ಆಗ ಹೇಳಿದ್ರು. ತಿಂದೆ."

ನಲವತ್ತೈದು ವರ್ಷ ಅವಳೂ ನನ್ನ ಸುಳ್ಳನ್ನು ತಲೆಯಾಡಿಸಿ ಕೇಳಿದ್ದಳು. ನನಗೆ ನಾಚಿಕೆಯಾಯಿತು. ಶಿವಾನಿ ಫೋನನ್ನೂ ಮುಟ್ಟದೆ ಎದ್ದು ಹೋದಳು. ಕಳ್ಳರ ವಂಶ ಎಂದು ಹೇಸಿಕೊಂಡಳೇನೋ, ಇದ್ದೊಂದು ಹೆಸರನ್ನು ನಾನೇ ಕೈಯಾರೆ ಕಳೆದೆನೇನೋ ಎಂದುಕೊಂಡು ಮಲಗಿದೆ.

ಗುರುವಾರ ಪಾಸ್‌ಪೋರ್ಟ್ ಸೆಂಟರಿಗೆ ನಾನೂ ಹೋದೆ. ಕೌಂಟರಿನಲ್ಲಿದ್ದ ಮಲಯಾಳಿ ಹೆಣ್ಣುಮಗಳು ಅರ್ಜಿಯ ಮೇಲೆ ಪೆನ್ನು ಓಡಿಸುತ್ತಾ ಬಂದು ಒಂದು ಕಡೆ ನಿಂತಳು. ಅಡ್ಡಹೆಸರಿನ ಜಾಗವನ್ನು ಪ್ರೀತಮ ಖಾಲಿ ಬಿಟ್ಟಿದ್ದ. ಬರೆಯುವುದೋ ಬಿಡುವುದೋ ಅವನಿಗೇ ತಿಳಿದಿರಲಿಲ್ಲ.

"ಸರ್‌ನೇಮ್?" ಎಂದಳು.

ಪ್ರೀತಮ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಶಿವಾನಿ ನಮ್ಮಿಬ್ಬರ ನಡುವೆ ನುಗ್ಗಿ ಕೌಂಟರಿಗೆ ಎರಡೂ ಕೈ ಊರಿ ನಿಂತಳು. ಆ ಹೆಣ್ಣುಮಗಳಿಗೆ ಕನ್ನಡ ಬಾರದೆಂದು ಅವಳಿಗೂ ಗೊತ್ತಿತ್ತು.

"ಬಳ್ಳೊಳ್ಳಿ ಅಂತ ಬರಕೋರಿ," ಎಂದಳು.