ನೀಲಿ ಬೋಗುಣಿ

ಬಣ್ಣದ ಕಾರ್ಖಾನೆಯಲ್ಲಿ ಎಲ್ಲರೂ ಇಳಿಯುವುದು ಒಂದೇ ತೊಟ್ಟಿಗೆ. ದಪ್ಪ ಬಟ್ಟೆ ನೀಲಿಯನ್ನು ಪೂರ್ತಿ ಹೀರುವ ತನಕ ಎಲ್ಲರೂ ತುಳಿಯಬೇಕು. ಆದರೆ ಬೆಳ್ಳಗಿದ್ದವರಿಗೆ ಮೊಣಕಾಲುದ್ದದ ರಬ್ಬರ್ ಬೂಟು, ಕಪ್ಪಗಿದ್ದವರಿಗೆ ಬರಿಗಾಲು. ಯಾಕೆ ಹೀಗೆ ಎಂದು ಹಿಂದೊಮ್ಮೆ ಕೇಳಿದ್ದಕ್ಕೆ ಧಣಿ ನಕ್ಕಿದ್ದ. "ನಿಮ್ಮ ಮೈಮೇಲೆ ಬಣ್ಣ ಎಲ್ಲಿ ಕಾಣುತ್ತೆ? ಪಾಪ, ಅವರಿಗಾದ್ರೆ ಕಾಣುತ್ತೆ," ಅಂದಿದ್ದ. ಹೇಗಿದೆ ನೋಡಿ ನ್ಯಾಯ! ಕಾಲು ಹುಣ್ಣಾಗುತ್ತಲ್ಲ ಧಣಿ ಅಂದರೆ, ಈ ನೀರು ಕುಡಿದರೂ ಏನೂ ಆಗುವುದಿಲ್ಲ ಎಂದು ಎದೆ ತಟ್ಟಿಕೊಂಡಿದ್ದ. ಕುಡಿದು ಮಾತ್ರ ತೋರಿಸಲಿಲ್ಲ.

ಕಪ್ಪು ಜನರ ಮುತ್ತಜ್ಜಂದಿರನ್ನು ಯಾವ ಕಾಲದಲ್ಲೋ ಹಡಗಿನಲ್ಲಿ ತುಂಬಿಕೊಂಡು ಬಂದು ಕೂಲಿಗೆ ಹಚ್ಚಿದ್ದರಂತೆ. ಅದು ಹಳೆಯ ಮಾತು. ಈಗ ಎಲ್ಲರ ಭಾಷೆ ಒಂದೇ, ಚರ್ಚು ಒಂದೇ, ದುಡಿಮೆ ಒಂದೇ. ಆದರೂ ಚರ್ಚಿನಲ್ಲಿ ಬಿಳಿಯರಿಗೆ ಮುಂದಿನ ಬೆಂಚು, ಕರಿಯರಿಗೆ ಹಿಂದಿನ ಬೆಂಚು. ಹಾಗಂತ ಯಾರೂ ಗೋಡೆಯ ಮೇಲೆ ಬರೆದಿರಲಿಲ್ಲ. ಎಲ್ಲರೂ ಅವರವರ ಜಾಗಕ್ಕೆ ತಾವಾಗಿಯೇ ಹೋಗಿ ಕೂರುತ್ತಿದ್ದರು.

ಹಿಂದಿನ ಬೆಂಚಿನಲ್ಲಿ ಕೂರುವವಳು ಕಿಸಕ್ಕ. ಮಾತು ಮಾತಿಗೂ ಕಿಸಕ್ಕನೆ ನಗುವುದರಿಂದ ಬಂದ ಹೆಸರು. ಸ್ವಂತ ಹೆಸರು ಅವಳ ಗಂಡನಿಗೂ ಮರೆತುಹೋಗಿತ್ತು. ಅವಳಿಗೆ ನಗು ಬಾರದ ಹೊತ್ತು ಒಂದೇ. ಅದು ಅತ್ತೆಯ ಕಾಲಿಗೆ ಕಟ್ಟಿದ ಬಟ್ಟೆ ಬಿಚ್ಚುವ ಹೊತ್ತು. ಅದೇ ತೊಟ್ಟಿಯನ್ನು ತುಳಿದು ತುಳಿದು ಅತ್ತೆಯ ಹುಣ್ಣು ಮೂಳೆಗೆ ಇಳಿದಿತ್ತು. ಈಗ ಮುದುಕಿ ಕಿಟಕಿಯ ಪಕ್ಕದ ಮಂಚ ಬಿಟ್ಟು ಇಳಿಯುತ್ತಿರಲಿಲ್ಲ. ಕಿಸಕ್ಕನ ಕಾಲ್ಬೆರಳ ಸಂದಿಗಳಲ್ಲೂ ಆಗಲೇ ಹುಣ್ಣುಗಳು ಬಾಯಿ ಬಿಟ್ಟಿದ್ದವು. ಅತ್ತೆಯ ಕಾಲು ಹೋದ ದಾರಿಯಲ್ಲೇ ತನ್ನ ಕಾಲೂ ಹೊರಟಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೂಟು ಸಿಕ್ಕರೆ ಉಳಿದಾಳು. ಇಲ್ಲದಿದ್ದರೆ ಆ ಕಿಟಕಿಯ ಪಕ್ಕ ಇನ್ನೊಂದು ಮಂಚ ಹಾಕಬೇಕು.

ಮುದುಕಿಯ ಕಾಲು ಕೆಟ್ಟಿತ್ತೇ ಹೊರತು ನಾಲಿಗೆಗೆ ಏನೂ ಆಗಿರಲಿಲ್ಲ. ಊರಿಗೆ ಹೊಸದಾಗಿ ಬಂದ ಫಾದರ್ ಅವಳಿಗೆ ಪರಮಪ್ರಸಾದ ಕೊಡಲು ಮನೆಗೆ ಬಂದರು. ನೋಡಿದರೆ ಇನ್ನೂ ಮೀಸೆ ಸರಿಯಾಗಿ ಬಲಿಯದ ಫಾದರ್. ಪ್ರಸಾದ ತೆಗೆದುಕೊಂಡು, ಪ್ರಾರ್ಥನೆ ಮುಗಿಸಿ, ಮುದುಕಿ ಅವರ ತೋಳು ಹಿಡಿದು ಕೂರಿಸಿಕೊಂಡಳು.

"ಫಾದರ್, ದೇವರು ತನ್ನ ರೂಪದಲ್ಲೇ ಮನುಷ್ಯನ್ನ ಮಾಡಿದ ಅಂತೀರಿ. ದೇವರಿಗೆ ಬೂಟು ಇತ್ತಾ, ಬರಿಗಾಲಾ?"

ಕಿಸಕ್ಕ ಬಾಯಿಗೆ ಕೈ ಅಡ್ಡ ಹಿಡಿದು ಅಡುಗೆಮನೆಗೆ ಓಡಿದಳು. ಫಾದರ್ ನಗಲಿಲ್ಲ. ಮುದುಕಿಯ ಕಾಲಿನ ಕಡೆ ಬಗ್ಗಿ, ಹೇಗಾಯಿತು, ಯಾವಾಗಿಂದ ಎಂದು ಎಲ್ಲವನ್ನೂ ಕೇಳಿಕೊಂಡು ಹೋದರು.

ಮುಂದಿನ ಭಾನುವಾರ ಫಾದರ್ ಕೊಟ್ಟ ಉಪದೇಶ ಖಡಕ್ಕಾಗಿತ್ತು. ಎಲ್ಲ ಜನಾಂಗಕ್ಕೂ ತಂದೆ ಒಬ್ಬನೇ. ಪ್ರಭು ಶಿಲುಬೆಯಲ್ಲಿ ರಕ್ತ ಸುರಿಸಿದ್ದು ಎಲ್ಲರಿಗಾಗಿ. ಚರ್ಮ ನೋಡಿ ಒಬ್ಬನನ್ನು ಕೆಳಗಿಟ್ಟರೆ ಅದು ಅವನನ್ನು ಮಾಡಿದವನಿಗೇ ಮಾಡಿದ ಅವಮಾನ, ಹಾಗೆಂದು ನಮ್ಮ ಧರ್ಮಸಭೆ ಹೇಳುತ್ತದೆ, ನಾನು ಕಟ್ಟಿ ಹೇಳಿದ್ದಲ್ಲ ಎಂದರು. ಎಲ್ಲರಿಗಿಂತ ಜೋರಾಗಿ ಆಮೆನ್ ಅಂದವನು ಧಣಿ. ಕೊನೆಗೆ ಫಾದರ್ ಪವಿತ್ರ ಗುರುವಾರದ ಸುದ್ದಿ ಎತ್ತಿದರು. ಪ್ರಭು ಶಿಷ್ಯರ ಕಾಲು ತೊಳೆದ ನೆನಪಿಗೆ ಫಾದರ್ ಹನ್ನೆರಡು ಜನರ ಕಾಲು ತೊಳೆಯುವ ದಿನ ಅದು. ಪ್ರತಿ ವರ್ಷವೂ ಆ ಹನ್ನೆರಡು ಕುರ್ಚಿಗಳಲ್ಲಿ ಧಣಿ ಮತ್ತು ಅವನ ಬಳಗವೇ ಕೂರುವುದು. ಈ ಸಲ ಅರ್ಧ ಕುರ್ಚಿಗಳು ಹಿಂದಿನ ಬೆಂಚಿಗೆ ಅಂದುಬಿಟ್ಟರು.

ಧಣಿ ಆಮೆನ್ ಅಂದಾಗಿತ್ತಲ್ಲ, ಈಗ ಬಾಯಿ ಬಿಡುವ ಹಾಗಿರಲಿಲ್ಲ. ಹೊರಗೆ ಬಂದ ಮೇಲೆ, ಆ ಆರು ಜನರಲ್ಲಿ ಒಬ್ಬಳಾದ ಕಿಸಕ್ಕನನ್ನು ಕರೆದು, ಕೂತುಕೊಳ್ಳಿ, ಬೇಡ ಅನ್ನುವುದಿಲ್ಲ, ಆದರೆ ಕಾಲು ಶುಚಿಯಾಗಿರಲಿ, ಆ ದಿನ ಫೋಟೋ ತೆಗೆಸುತ್ತಿದ್ದೇನೆ ಎಂದು ತಾಕೀತು ಮಾಡಿದ.

ಕಾಲು ಶುಚಿ ಮಾಡುವುದೆಂದರೇನು ಸುಮ್ಮನೆಯೇ? ಕಲ್ಲಿನಿಂದ ಉಜ್ಜಿದರು, ಸೋಪು ಹಾಕಿದರು, ಮರಳು ಹಾಕಿ ತಿಕ್ಕಿದರು. ನೀಲಿ ಜಪ್ಪಯ್ಯ ಅನ್ನಲಿಲ್ಲ. ಆಗ ಕಿಸಕ್ಕನಿಗೇ ಹೊಳೆಯಿತು. ತಪ್ಪು ಬಣ್ಣ ಬಿದ್ದ ಬಟ್ಟೆಯಿಂದ ಬಣ್ಣ ಬಿಡಿಸುವ ನೀರು ಕಾರ್ಖಾನೆಯ ಡ್ರಮ್ಮಿನಲ್ಲಿತ್ತು. ಬಟ್ಟೆಗೆ ಆಗುವುದು ಕಾಲಿಗೆ ಯಾಕಾಗಬಾರದು? ಗುರುವಾರ ಮಧ್ಯಾಹ್ನ ಆರೂ ಜನ ಹುಣ್ಣುಗಳಿಗೆ ಎಣ್ಣೆಬಟ್ಟೆ ಸುತ್ತಿಕೊಂಡು, ಹಲ್ಲು ಕಚ್ಚಿಕೊಂಡು, ಒಬ್ಬರ ಹೆಗಲು ಒಬ್ಬರು ಹಿಡಿದು ಅದರಲ್ಲಿ ಕಾಲಿಟ್ಟರು. ಆಮೇಲೆ ನಲ್ಲಿಯ ಕೆಳಗೆ ತೊಳೆದುಕೊಂಡರು. ಒಂದು ತೊಟ್ಟು ಬಣ್ಣವೂ ಬಿಡಲಿಲ್ಲ. ಹೇಗೆ ಬಿಟ್ಟೀತು? ಆ ನೀರಿನಲ್ಲಿ ನೆನೆದ ಬಟ್ಟೆ ಬಣ್ಣ ಕಾರಿಕೊಳ್ಳುವುದು ಆಮೇಲೆ ಬಿಸಿನೀರಿಗೆ ಹಾಕಿದಾಗ. ದಿನಾ ಮಾಡುವ ಕೆಲಸವೇ. ಬಟ್ಟೆಯಾಗಿದ್ದರೆ ಮರೆಯುತ್ತಿರಲಿಲ್ಲ, ಸ್ವಂತ ಕಾಲಾದ್ದರಿಂದ ಮರೆತರು. ಇದು ಹೋಗುವ ಬಣ್ಣವಲ್ಲ ಬಿಡು, ಹೆಣದ ಜೊತೆಗೇ ಹೋಗುವುದು ಎಂದು ಮನೆಯಲ್ಲಿ ಮುದುಕಿ ಸಮಾಧಾನ ಹೇಳಿದಳು.

ಚರ್ಚಿನ ಬಾಗಿಲಲ್ಲಿ ಧಣಿಯೇ ನಿಂತು ಎಲ್ಲರ ಕಾಲು ನೋಡಿದ. ಕಪ್ಪು ಚರ್ಮದ ಮೇಲೆ ಅವನಿಗೆ ನೀಲಿ ಕಾಣಲಿಲ್ಲ. ಪರವಾಗಿಲ್ಲ ಎಂದು ಒಳಗೆ ಬಿಟ್ಟ.

ಹನ್ನೆರಡು ಜನರಿಗೂ ಒಂದೇ ಬೋಗುಣಿ, ಒಂದೇ ನೀರು. ಎಲ್ಲರೂ ಒಂದೇ ಕುಟುಂಬ ಎಂದು ತೋರಿಸಲು ಆ ಚರ್ಚು ಮೊದಲಿನಿಂದ ಇಟ್ಟುಕೊಂಡಿದ್ದ ಪದ್ಧತಿ ಅದು. ಆವತ್ತು ಫಾದರ್ ಎರಡು ಹೊಸ ಕೆಲಸ ಮಾಡಿದರು. ಹುಣ್ಣಿನ ಕಾಲುಗಳಿಗೆ ಹಿತವಾಗಲಿ ಎಂದು ನೀರನ್ನು ಬಿಸಿ ಮಾಡಿಸಿದರು. ಮೊದಲ ಕುರ್ಚಿಯಲ್ಲಿ ಧಣಿ ಕಣ್ಣು ಮುಚ್ಚಿ ಕೈಜೋಡಿಸಿ ಫೋಟೋಕ್ಕೆ ತಯಾರಾಗಿ ಕೂತಿದ್ದರೆ, ಅವರು ನೇರ ಕೊನೆಯ ಕುರ್ಚಿಗೆ ಹೋಗಿ ಮೊಣಕಾಲೂರಿದರು. ಅಲ್ಲಿದ್ದವಳು ಕಿಸಕ್ಕ.

ಅವಳಿಗೆ ಅಂಗಾಲಿನಲ್ಲಿ ಕಚಗುಳಿ. ಹೇಳಿಕೊಳ್ಳಲು ನಾಚಿಕೆಯಾಗಿ ಸುಮ್ಮನಿದ್ದಳು. ಫಾದರ್ ಬೆರಳು ಮುಟ್ಟಿದ್ದೇ ತಡ, ಕಿಸಕ್! ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡಳು. ನಗು ಮೂಗಿನಿಂದ ಬಂತು. ಪಕ್ಕದ ಕುರ್ಚಿಯವನಿಗೆ ಅಂಟಿತು, ಅವನಿಂದ ಹಿಂದಿನ ಬೆಂಚಿಗೆ ಹೋಯಿತು, ಅಲ್ಲಿಂದ ಹಾಡುವವರ ಸಾಲಿಗೆ ಹತ್ತಿತು. ಅರ್ಧ ಹಾಡು ಗಂಟಲಲ್ಲೇ ನಿಂತಿತು. ಫಾದರಿಗೂ ಭುಜ ಕುಲುಕತೊಡಗಿತು. ಅಷ್ಟರಲ್ಲಿ ಅವರು ಬೋಗುಣಿ ನೋಡಿದರು. ನೀರು ನೀಲಿ. ಅವರ ಬೆರಳು ನೀಲಿ. ಬಿಳಿ ಟವೆಲೂ ನೀಲಿ. ಒಂದು ಕ್ಷಣ ತಡೆದು, ಧಣಿಯ ಕಡೆ ಒಮ್ಮೆ ನೋಡಿ, ನೀರು ಬದಲಿಸದೆ ಪಕ್ಕದ ಕುರ್ಚಿಗೆ ಬೋಗುಣಿ ಸರಿಸಿದರು. ಚರ್ಚಿನ ಪದ್ಧತಿಯನ್ನು ಮುರಿಯಲು ಅವರು ಯಾರು?

ಆರು ಜನರ ಕಾಲು ಇಳಿಯುವ ಹೊತ್ತಿಗೆ ಅದು ಕಾರ್ಖಾನೆಯ ತೊಟ್ಟಿಯೇ ಆಗಿತ್ತು. ಬಳಗದವರು ಒಬ್ಬೊಬ್ಬರಾಗಿ ಕಾಲು ಒಳಗೆಳೆದುಕೊಂಡು, ನೆಗಡಿ, ಮಂಡಿನೋವು ಎಂದು ಎದ್ದು ಹೋದರು. ಧಣಿ ಮಾತ್ರ ಭಕ್ತಿಯಿಂದ ಕಣ್ಣು ಮುಚ್ಚಿಯೇ ಇದ್ದ. ಫಾದರ್ ಅವನ ಕಾಲನ್ನು ಮೆಲ್ಲಗೆ ಎತ್ತಿ ಅದ್ದಿದರು, ಚೆನ್ನಾಗಿ ತೊಳೆದರು, ವಿಧಿಯಂತೆ ಮುತ್ತಿಟ್ಟರು. ಫೋಟೋದವನು ಫೋಟೋ ತೆಗೆದ. ಧಣಿ ಕಣ್ಣು ಬಿಟ್ಟ. ಬಿಳಿ ಕಾಲು ಹರಡಿನವರೆಗೆ ನೀಲಿ.

"ಅಯ್ಯೋ, ಡಾಕ್ಟರನ್ನ ಕರೀರಿ!" ಎಂದು ಕುರ್ಚಿಯ ಮೇಲೆ ಹತ್ತಿ ನಿಂತ. "ಈ ನೀರು ಚರ್ಮ ತಿನ್ನುತ್ತೆ ಕಣ್ರೋ, ಬೇಗ ಒರೆಸ್ರೋ!"

ನಗು ನಿಂತಿತು. ತಾನು ಅಂದದ್ದು ಈಗ ಧಣಿಯ ಕಿವಿಗೂ ಬಿತ್ತು. ಬಾಯಿ ಮುಚ್ಚಿಕೊಂಡ, ಆದರೆ ಆಡಿದ ಮಾತು ಹೊರಗೆ ಹೋಗಿಬಿಟ್ಟಿತ್ತು.

ಕಿಸಕ್ಕ ಎದ್ದು ನಿಂತಳು. "ಕುಡಿದ್ರೂ ಏನೂ ಆಗಲ್ಲ ಅಂದಿದ್ರಲ್ಲ ಧಣಿ," ಅಂದಳು. "ಒಂದು ಗಳಿಗೆ ಕಾಲಿಟ್ಟಿದ್ದಕ್ಕೆ ನಿಮಗೆ ಡಾಕ್ಟರ್ ಬೇಕು. ನಮ್ಮತ್ತೆ ಆಯುಸ್ಸೆಲ್ಲ ಅದರಲ್ಲೇ ನಿಂತಿದ್ರು."

ಮುಂದಿನ ಬೆಂಚಿನಿಂದ ಕೆಂಪಿ ಎದ್ದಳು. ಕಿಸಕ್ಕನ ತೊಟ್ಟಿಯಲ್ಲೇ ಬೂಟು ಹಾಕಿಕೊಂಡು ತುಳಿಯುವವಳು, ಕೆನ್ನೆ ಕೆಂಪಗಿರುವವಳು. ಈಗ ಕಿವಿಯೂ ಕೆಂಪಗಾಗಿತ್ತು.

"ಬಣ್ಣ ಕಾಣುತ್ತೆ ಅಂತ ನಮಗೆ ಬೂಟು ಕೊಟ್ಟಿರಿ ಅಂದ್ಕೊಂಡಿದ್ದೆ. ಚರ್ಮ ತಿನ್ನುತ್ತೆ ಅಂತ ನಿಮಗೆ ಗೊತ್ತಿತ್ತಾ?"

ಧಣಿ ಕುರ್ಚಿಯಿಂದ ಇಳಿದು ಕಾಲು ಉಜ್ಜಿಕೊಳ್ಳತೊಡಗಿದ. ಆರೂ ಜನ ಹಿಂದಿನ ಬೆಂಚಿಗೆ ಮರಳಿದರು. ಫಾದರ್ ಪೂಜೆ ಮುಂದುವರಿಸಿ, ಎಲ್ಲರೂ ಒಬ್ಬರಿಗೊಬ್ಬರು ಶಾಂತಿ ಹೇಳಿಕೊಳ್ಳಿ ಅಂದಾಗ, ಕೆಂಪಿ ನಡುವಿನ ದಾರಿ ದಾಟಿ ಹಿಂದೆ ಹೋಗಿ ಕಿಸಕ್ಕನ ಕೈ ಹಿಡಿದಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಹಿಂದಿನವರು ಮುಂದೆ ಬಂದರು. ಒದ್ದೆ ಕಾಲು ಒರೆಸಿಕೊಂಡವರ ಕೈಯಿಂದ ಕೈಗೆ ನೀಲಿ ಹತ್ತಿತು. ಮಗುವೊಂದಕ್ಕೆ ಮೂಗೂ ನೀಲಿಯಾಯಿತು. ಯಾರ ಬೆಂಚು ಯಾವುದೆಂದು ಯಾರಿಗೂ ತಿಳಿಯಲಿಲ್ಲ, ಸಿಕ್ಕಲ್ಲೇ ಕೂತರು. ಇಷ್ಟು ಸುಲಭವಿತ್ತೇ ಇದು ಎಂದು ಕಿಸಕ್ಕ ನಗುತ್ತ ನಗುತ್ತ ಅತ್ತಳು.

ಶನಿವಾರ ಬೆಳಗ್ಗೆ ಕಾರ್ಖಾನೆ ಬಾಗಿಲಲ್ಲಿ ಧಣಿ ಒಂದು ಜೊತೆ ಹೊಸ ಬೂಟು ಹಿಡಿದು ನಿಂತಿದ್ದ. ಚರ್ಚಿನಲ್ಲಿ ಆದದ್ದು ಚರ್ಚಿಗೇ ಇರಲಿ, ತಗೋ ಕಿಸಕ್ಕ, ನಿನ್ನ ಕಾಲಿಗೇ ನೋಡಿ ತಂದದ್ದು ಎಂದು ಬೆಣ್ಣೆ ಸವರಿದ. ಬೂಟು ಮಿರಮಿರ ಮಿಂಚುತ್ತಿತ್ತು. ಬೆರಳ ಸಂದಿಗಳು ಉರಿಯುತ್ತಿದ್ದ ಕಿಸಕ್ಕನಿಗೆ ಅದನ್ನು ನೋಡಿ ಬಾಯಲ್ಲಿ ನೀರೂರಿದ್ದು ಸುಳ್ಳಲ್ಲ. ಹಿಂದಿರುಗಿ ತನ್ನವರ ಕಾಲುಗಳನ್ನು ನೋಡಿದಳು.

"ಕಾಲಿರೋದು ನನಗೊಬ್ಬಳಿಗೇ ಅಂದ್ಕೊಂಡ್ರಾ ಧಣಿ?" ಅಂದಳು. "ಎಲ್ಲರಿಗೂ ತನ್ನಿ, ಹಾಕ್ಕೋತೀನಿ."

ಕೆಂಪಿ ಅಲ್ಲೇ ನೆಲಕ್ಕೆ ಕೂತು ತನ್ನ ಬೂಟು ಕಳಚತೊಡಗಿದಳು. ಬರಲೊಲ್ಲದು. ಕಿಸಕ್ಕ ಹಿಡಿದು ಎಳೆದಳು. ಬೂಟು ಫಟ್ಟನೆ ಬಂದು ಇಬ್ಬರೂ ಅಂಗಾತ ಬಿದ್ದರು. ಬಿದ್ದಲ್ಲಿಂದಲೇ ನಗು ಹಬ್ಬಿತು. ಉಳಿದ ಬಿಳಿಯರೂ ಒಬ್ಬರ ಬೂಟು ಒಬ್ಬರು ಎಳೆದು ಬಾಗಿಲಿಗೆ ಅಡ್ಡ ಎಸೆದರು. ಕರಿಯರು, ಬಿಳಿಯರು ಎಲ್ಲರೂ ಬೀದಿಯಲ್ಲಿ ಕಾಲು ಚಾಚಿ ಕೂತರು. ಬಟ್ಟೆ ಹಾಳಾಗುತ್ತೆ, ಒಳಗೆ ಬನ್ರೋ ಎಂದು ಧಣಿ ಬೇಡಿದ, ಬೈದ, ಮತ್ತೆ ಬೇಡಿದ.

ಒಳಗೆ ತೊಟ್ಟಿಯಲ್ಲಿ ಬಟ್ಟೆ ನೆನೆಯುತ್ತಲೇ ಇತ್ತು. ತುಳಿಯಲು ಒಬ್ಬರೂ ಇಳಿಯಲಿಲ್ಲ.