ದಪ್ಪ ಪುಸ್ತಕ ಮೊದಲು

ಅರ್ಜಿ ಮೇಜಿನ ಮೇಲೆ ಬಂದು ಬಿದ್ದು ನಾಲ್ಕು ದಿನವಾಗಿತ್ತು. ಶುಕ್ರವಾರ ಸಂಜೆ ಐದರೊಳಗೆ ಯಾವ ಸೆಮಿಸ್ಟರಿಗೆ ಯಾವ ವಿಷಯ ಎಂದು ಬರೆದು ಕೊಡಬೇಕು. ಅಂದು ಬುಧವಾರ. ಬರೆಯಬೇಕಾದವಳು ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ಇಷ್ಟೇ ಮಾಡುತ್ತಿದ್ದಳು.

ವಿಮಾ ಕಚೇರಿಯಲ್ಲಿ ಅವಳದು ಕ್ಲೇಮು ಪರಿಶೀಲಿಸುವ ಕೆಲಸ. ಗುದ್ದಿಸಿಕೊಂಡ ಕಾರು, ನೆನೆದ ಗೋದಾಮು, ಸುಟ್ಟ ಯಂತ್ರ, ಎಲ್ಲದರ ಫೋಟೊ ನೋಡಿ, ಕಾಗದ ನೋಡಿ, ಟಿಪ್ಪಣಿ ಬರೆದು ಮೇಲಿನ ಕುರ್ಚಿಗೆ ಕಳಿಸುವುದು. ಒಂಬತ್ತು ವರ್ಷ ಹಾಗೆ ಕಳಿಸಿದ್ದಾಯಿತು. ಈಗ ಆ ಕುರ್ಚಿಯಲ್ಲಿ ತಾನೇ ಕೂರುವ ಆಸೆ. ಅದಕ್ಕೆ ಹಣಕಾಸು ವಿಷಯದ ಸ್ನಾತಕೋತ್ತರ ಪದವಿ ಬೇಕು. ಸೀಟೂ ಸಿಕ್ಕಿತ್ತು. ಮ್ಯಾನೇಜರಮ್ಮ ಒಪ್ಪಿದ್ದರು, ಒಂದು ಮಾತಿನ ಮೇಲೆ:

"ಎರಡು ವರ್ಷ ದಿನಾ ನಾಲ್ಕಕ್ಕೇ ಹೊರಡು, ಬೇಡ ಅನ್ನಲ್ಲ. ಅಷ್ಟೊತ್ತಿಗೆ ಅಪಾಯ ವಿಭಾಗದ ಅಧಿಕಾರಿ ನಿವೃತ್ತಿ ಆಗ್ತಾರೆ. ಪದವಿ ಕೈಯಲ್ಲಿದ್ರೆ ಆ ಜಾಗ ನಿಂದು. ಮೂರನೇ ವರ್ಷ ಮಾತ್ರ ಕೇಳಬೇಡ. ಆ ಜಾಗ ಅಲ್ಲೀವರೆಗೂ ಖಾಲಿ ಇರಲ್ಲ."

ಮೇಲೆ ಮನೆ, ಕೆಳಗೆ ಗಂಡನ ಬೈಂಡಿಂಗ್ ಅಂಗಡಿ. ಹತ್ತಿರದಲ್ಲೇ ವಿಶ್ವವಿದ್ಯಾಲಯ. ಅಲ್ಲಿ ಓದುವ ಪುಸ್ತಕಗಳೆಲ್ಲ ಒಂದಲ್ಲ ಒಂದು ದಿನ ಅವನ ಕೈಗೆ ಬರುತ್ತಿದ್ದವು. ಅವನು ಪುಸ್ತಕಗಳ ಬೆನ್ನು ನೋಡಿದ್ದೇ ಹೆಚ್ಚು, ಹೊಟ್ಟೆ ನೋಡಿದ್ದು ಕಡಿಮೆ. ಆದರೂ ಸಲಹೆಗೆ ಬರವಿರಲಿಲ್ಲ.

"ಕೊಡು ಇಲ್ಲಿ ಆ ಪಟ್ಟಿ" ಎಂದು ಕಸಿದುಕೊಂಡ. "ಕಂಪನಿ ಕಾನೂನಾ? ಅರ್ಧ ಇಂಚು. ಹಾಕು ಮೊದಲ ಸೆಮಿಸ್ಟರಿಗೆ. ಬ್ಯಾಂಕಿಂಗ್, ಮುಕ್ಕಾಲು. ಅದನ್ನೂ ಹಾಕು. ಸ್ಟಾಟಿಸ್ಟಿಕ್ಸ್... ಅಯ್ಯಪ್ಪಾ! ಎರಡೂವರೆ ಇಂಚು. ಸೂಜಿ ಮುರಿಯೋ ಪುಸ್ತಕ ಅದು. ತಳ್ಳು ಎರಡನೇ ವರ್ಷಕ್ಕೆ."

"ರೀ, ದಪ್ಪ ನೋಡಿ ಯಾರಾದ್ರೂ ವಿಷಯ ಆರಿಸ್ತಾರಾ?"

"ಮತ್ತಿನ್ನೇನು, ಬಣ್ಣ ನೋಡಿ ಆರಿಸ್ತಾರಾ? ನೀನು ಪುಸ್ತಕ ಮುಟ್ಟಿ ಒಂಬತ್ತು ವರ್ಷ ಆಯ್ತು. ತೆಳ್ಳಗಿರೋದ್ರಲ್ಲಿ ಕೈ ಪಳಗಿಸ್ಕೋ. ದಪ್ಪದ್ದು ಎಲ್ಲಿಗೆ ಓಡಿಹೋಗುತ್ತೆ?"

ಅವಳು ನಕ್ಕಳು. ಆದರೆ ಆ ಮಾತು ಒಳಗೊಳಗೇ ಹಿತವಾಗಿತ್ತು. ಲೆಕ್ಕವೆಂದರೆ ಅವಳಿಗೆ ಮೊದಲಿನಿಂದಲೂ ಅಂಜಿಕೆ. ನಮ್ಮ ಅಂಜಿಕೆಗೆ ಬೇರೆಯವರು ಜಾಣತನದ ಅಂಗಿ ತೊಡಿಸಿ ತಂದರೆ ಬೇಡವೆನ್ನುವವರು ಯಾರು? ಅವನು ಹೇಳಿದಂತೆಯೇ ಪಟ್ಟಿ ಬರೆದು ಮುಗಿಸಿದಳು.

ಮರುದಿನ ಸಂಜೆ ಅಂಗಡಿಗೆ ಪೆನ್ಸಿಲ್ ಅಕ್ಕ ಬಂದಳು. ಆಸ್ಪತ್ರೆಯೊಂದರ ಖರೀದಿ ವಿಭಾಗದಲ್ಲಿ ಕೆಲಸ, ಅದೇ ಪದವಿಯ ಕೊನೆಯ ಸೆಮಿಸ್ಟರಿನ ಓದು. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಇರುತ್ತಿದ್ದುದರಿಂದ ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು. ತನ್ನ ಪ್ರಾಜೆಕ್ಟ್ ವರದಿಯನ್ನು ಬೈಂಡಿಂಗಿಗೆ ಕೊಟ್ಟವಳು, ಪಕ್ಕದಲ್ಲಿದ್ದ ಪಟ್ಟಿಯ ಮೇಲೆ ಕಣ್ಣಾಡಿಸಿ ಹಾಗೇ ನಿಂತಳು.

"ಇದನ್ನ ಯಾರು ಮಾಡಿದ್ದು?"

"ನಾನೇ ಅಕ್ಕ. ಇವರು ಸ್ವಲ್ಪ ಸಹಾಯ ಮಾಡಿದ್ರು."

"ಅಣ್ಣನ ಸಹಾಯ ಎದ್ದು ಕಾಣ್ತಿದೆ. ನೀನು ವಿಭಾಗದ ಕೈಪಿಡಿ ಓದಿದ್ಯಾ?"

"ಅರವತ್ತು ಪುಟ ಇದೆಯಲ್ಲಕ್ಕ..."

"ಕ್ಲೇಮಿಗೆ ಬಂದವರು 'ಪಾಲಿಸಿ ಉದ್ದ ಇತ್ತು, ಓದಲಿಲ್ಲ' ಅಂದ್ರೆ ನೀನೇನಂತೀಯ?"

ಅವಳು ಎದ್ದುಹೋಗಿ ಕೈಪಿಡಿ ತಂದಳು.

"ಹಿಂದಿನಿಂದ ಬಾ" ಎಂದಳು ಅಕ್ಕ. "ಕೊನೇ ಸೆಮಿಸ್ಟರಲ್ಲಿ ಏನಿದೆ?"

"ಪ್ರಾಜೆಕ್ಟ್."

"ಅದಕ್ಕೆ ಕೂರಬೇಕಾದ್ರೆ ಏನು ಮುಗಿಸಿರಬೇಕು? ಓದು."

"ಅಪಾಯ ನಿರ್ವಹಣೆ."

"ಅದಕ್ಕೆ ಮೊದಲು?"

"ಹೂಡಿಕೆ ವಿಶ್ಲೇಷಣೆ."

"ಅದಕ್ಕೂ ಮೊದಲು?"

ಅವಳ ದನಿ ಇಳಿಯಿತು. "ಸ್ಟಾಟಿಸ್ಟಿಕ್ಸ್."

"ಈಗ ಪಕ್ಕದ ಕಾಲಂ ನೋಡು. ಯಾವ್ಯಾವ ಪಾಠ ಯಾವಾಗ ನಡೆಯುತ್ತೆ ಅಂತ."

ಸ್ಟಾಟಿಸ್ಟಿಕ್ಸ್ ವರ್ಷಕ್ಕೊಂದೇ ಸಲ, ಮೊದಲ ಆರು ತಿಂಗಳಲ್ಲಿ. ಹೂಡಿಕೆಯೂ ವರ್ಷಕ್ಕೊಂದೇ ಸಲ, ಎರಡನೆಯ ಆರು ತಿಂಗಳಲ್ಲಿ. ಅಪಾಯ ನಿರ್ವಹಣೆ ಮತ್ತೆ ಮೊದಲ ಆರರಲ್ಲಿ. ಅವಳು ಬೆರಳು ಮಡಿಸಿದಳು. ಮೊದಲೇ ಹಿಡಿದರೆ ಒಂದು, ಎರಡು, ಮೂರು, ನಾಲ್ಕು, ಸರಿಯಾಗಿ ಎರಡು ವರ್ಷ. ಸ್ಟಾಟಿಸ್ಟಿಕ್ಸನ್ನು ಎರಡನೆಯ ವರ್ಷಕ್ಕೆ ತಳ್ಳಿದರೆ ಆರು ಸೆಮಿಸ್ಟರ್, ಮೂರು ವರ್ಷ. ಮ್ಯಾನೇಜರಮ್ಮನ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು.

ಗಂಡ ಬಿಡಬೇಕಲ್ಲ! "ನಿಯಮ ಅಂದ್ಮೇಲೆ ಬರೆದಿರ್ತಾರೆ ಕಣಮ್ಮ. ಹೋಗಿ ನಾಲ್ಕು ಒಳ್ಳೇ ಮಾತಾಡಿದ್ರೆ ಬಿಟ್ಕೊಳ್ತಾರೆ."

"ನನ್ನ ಜೊತೆಯವನೊಬ್ಬ ಹಾಗೇ ಅಂದ್ಕೊಂಡಿದ್ದ. ಕಂಪ್ಯೂಟರ್ ಅವನ ಹೆಸರನ್ನೇ ತಗೊಳ್ಳಲಿಲ್ಲ. ಅದಕ್ಕೆ ಕೈ ಮುಗಿದ್ರೆ ಕರಗುತ್ತಾ ಅಣ್ಣ?"

ಮೂಲೆಯಲ್ಲಿ ಹಾಳೆಗಳ ಕಟ್ಟು ಹೊಲಿಯುತ್ತಾ ತಮ್ಮಷ್ಟಕ್ಕೆ ಪದ ಗುನುಗುತ್ತಿದ್ದ ಅತ್ತೆ ಸೂಜಿ ನಿಲ್ಲಿಸಿದರು.

"ಲೋ, ನಿನ್ನ ತಲೆ ಮೇಲಿರೋ ಅಟ್ಟಣೆ ನೋಡು. ಆ ದಪ್ಪ ಪುಸ್ತಕಾನ ಈ ತಿಂಗಳು ನಾಲ್ಕು ಸಲ ಬಿಚ್ಚಿ ಹೊಲಿದಿದ್ದೀನಿ. ನಾಲ್ಕೂ ಎರಡನೇ ವರ್ಷದವರದ್ದು. ನಿನ್ನ ಅರ್ಧ ಇಂಚಿಂದು ಒಂದಾದ್ರೂ ಎರಡನೇ ಸಲ ರಿಪೇರಿಗೆ ಬಂದಿದ್ಯಾ?"

ಅವನು ಒಂದನ್ನು ಇಳಿಸಿದ. ಅಂಚೆಲ್ಲ ಹೆಬ್ಬೆರಳು ತಾಗಿ ಕಪ್ಪಾಗಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತೆರೆದು ನೋಡಿದ. ಪುಟದ ಬದಿಯಲ್ಲಿ ಯಾರೋ ಬರೆದುಕೊಂಡಿದ್ದರು: 'ಹೂಡಿಕೆಗೆ ಇದೇ ಸೂತ್ರ.' ಇನ್ನೊಂದೆಡೆ: 'ಅಪಾಯದ ಪಾಠಕ್ಕೆ ಮುಂಚೆ ಇದನ್ನು ಮತ್ತೆ ಓದು.'

"ಅಂದ್ರೆ ಮಿಕ್ಕ ಪುಸ್ತಕಗಳೆಲ್ಲ ಇದರ ಬೆನ್ನು ಹತ್ತಿ ಬರ್ತವೆ" ಎಂದ ನಿಧಾನವಾಗಿ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಇದನ್ನೇ ಮೊದಲು ಹಾಕು ತಾಯಿ. ನನ್ನ ಮಾತು ಬಿಡು."

"ಅದನ್ನ ಮದುವೆ ಆದ ವರ್ಷಾನೇ ಬಿಟ್ಟಿದ್ರೆ ಚೆನ್ನಾಗಿತ್ತು" ಎಂದರು ಅತ್ತೆ.

ನಗು ಮುಗಿದ ಮೇಲೆ ಅವಳು ನಿಜ ಹೇಳಿದಳು. "ಅಕ್ಕ, ನಂಗೆ ಲೆಕ್ಕ ಅಂದ್ರೆ ಕೈ ನಡುಗುತ್ತೆ."

"ನಂಗೂ ನಡುಗ್ತಿತ್ತು. ಪಾಠ ಶುರುವಾಗೋ ಮೂರು ವಾರ ಮುಂಚೆ ವಿಭಾಗದಲ್ಲೇ ಲೆಕ್ಕದ ಬುನಾದಿ ಹೇಳಿಕೊಡೋ ಬ್ರಿಡ್ಜ್ ಕೋರ್ಸ್ ಇದೆ, ಹೆಸರು ಕೊಡು. ಆ ಸೆಮಿಸ್ಟರಲ್ಲಿ ಇನ್ನೊಂದು ಲೆಕ್ಕದ ವಿಷಯ ಇಟ್ಕೋಬೇಡ, ಓದಿ ಬರೆಯೋ ವಿಷಯ ಜೊತೆಗೆ ಹಾಕು. ಕಡ್ಡಾಯದವನ್ನೆಲ್ಲ ಮೊದಲು ಕೂರಿಸು. ಐಚ್ಛಿಕ ವಿಷಯ ಎರಡು ಹೆಚ್ಚಿಗೇ ಬರೆದಿಟ್ಕೋ, ಜನ ಸಾಲದೆ ಒಂದನ್ನ ನಿಲ್ಲಿಸಿದ್ರೆ ಇನ್ನೊಂದು ಇರುತ್ತೆ."

ಪೆನ್ಸಿಲ್ಲಿನಲ್ಲಿ ಹೊಸ ಪಟ್ಟಿ ಸಿದ್ಧವಾಯಿತು. ಶುಕ್ರವಾರ ಬೆಳಿಗ್ಗೆ ಅದನ್ನು ಹಿಡಿದು ಮಾರ್ಗದರ್ಶಕ ಮೇಷ್ಟ್ರ ಕೋಣೆಗೆ ಹೋದಳು. ಅವರು ಅವಳ ಹಳೆಯ ಅಂಕಪಟ್ಟಿಯನ್ನೂ ಕೇಳಿ ನೋಡಿದರು.

"ಕಂಪನಿ ಕಾನೂನು ನೀವು ಪದವಿಯಲ್ಲೇ ಓದಿದ್ದೀರಲ್ಲಮ್ಮ. ಮತ್ತೆ ಯಾಕೆ? ವಿನಾಯಿತಿಗೆ ಅರ್ಜಿ ಬರೆದುಕೊಡಿ. ಸಿಕ್ಕಿದ್ರೆ ಒಂದು ವಿಷಯದ ಭಾರ ಇಳೀತು. ಇನ್ನೊಂದು, ಮುಂದಿನ ವರ್ಷ ಅಪಾಯ ನಿರ್ವಹಣೆ ಪಾಠ ಬುಧವಾರ ಮಧ್ಯಾಹ್ನ ಮೂರಕ್ಕೆ. ನಿಮ್ಮ ಕಚೇರಿ ಬಿಡೋದು ನಾಲ್ಕಕ್ಕಲ್ವಾ?"

ಅವಳು ವಿನಾಯಿತಿಯ ಅರ್ಜಿಯನ್ನು ಅಲ್ಲೇ ಬರೆದುಕೊಟ್ಟಳು. ನೇರವಾಗಿ ಕಚೇರಿಗೆ ಬಂದು ಮ್ಯಾನೇಜರಮ್ಮನ ಮುಂದೆ ಪಟ್ಟಿ ಹರಡಿದಳು.

"ಮೇಡಂ, ಎರಡೇ ವರ್ಷದಲ್ಲಿ ಮುಗಿಯುತ್ತೆ, ನೋಡಿ. ಮುಂದಿನ ವರ್ಷ ಆರು ತಿಂಗಳು, ಬುಧವಾರ ಮಾತ್ರ ನಾನು ಎರಡಕ್ಕೇ ಹೊರಡಬೇಕು. ಆವತ್ತು ಬೆಳಿಗ್ಗೆ ಎರಡು ಗಂಟೆ ಮುಂಚೆ ಬರ್ತೀನಿ."

ಮ್ಯಾನೇಜರಮ್ಮ ಕನ್ನಡಕ ಮೇಲೇರಿಸಿದರು. "ಈ ಆಫೀಸಲ್ಲಿ ರಜೆ ಚೀಟಿ ಬರೋದೇ ರಜೆ ಮುಗಿದ ಮೇಲೆ. ಒಂದು ವರ್ಷ ಮುಂಚೆ ಬಂದಿದ್ದು ಇದೇ ಮೊದಲು" ಎಂದು ಸಹಿ ಹಾಕಿದರು.

ಸಂಜೆ ನಾಲ್ಕೂ ನಲವತ್ತಕ್ಕೆ ಅರ್ಜಿಯ ಮೇಲೆ ಮೊಹರು ಬಿತ್ತು.

ಈಗ ಅವಳದು ಮೂರನೆಯ ಸೆಮಿಸ್ಟರ್. ಸ್ಟಾಟಿಸ್ಟಿಕ್ಸ್ ಪಾಸಾಗಿದ್ದಾಳೆ, ಮೊದಲ ದರ್ಜೆಯ ಅಂಕಗಳಿಂದೇನೂ ಅಲ್ಲ, ತಲೆಯೆತ್ತಿ ನಡೆಯುವಷ್ಟು ಅಂಕಗಳಿಂದ. ಬುಧವಾರ ಎರಡಕ್ಕೆ ಚೀಲ ಹೆಗಲಿಗೇರಿಸಿ ಹೊರಟರೆ, ನಿವೃತ್ತಿಯಾಗಲಿರುವ ಅಪಾಯ ವಿಭಾಗದ ಅಧಿಕಾರಿಯೇ "ಇವತ್ತೇನು ಪಾಠ?" ಎಂದು ಕೇಳಿ ಕಳಿಸುತ್ತಾರೆ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಓದಿಸುವ ಮನೆಯವರೇ, ಸೀಟು ಸಿಕ್ಕ ಸಂತೋಷದಲ್ಲಿ ಕೈಪಿಡಿಯನ್ನು ಮೂಲೆಗಿಡಬೇಡಿ. ಯಾವ ವಿಷಯಕ್ಕೆ ಯಾವುದು ಮೊದಲು, ಯಾವುದು ವರ್ಷಕ್ಕೊಂದೇ ಸಲ ಎಂದು ಕೊನೆಯ ಸೆಮಿಸ್ಟರಿನಿಂದ ಹಿಂದಕ್ಕೆ ಬರೆದುಕೊಂಡು ಬನ್ನಿ. ಅಂಜಿಕೆಯಿರುವ ವಿಷಯವನ್ನು ಮುಂದೂಡಬೇಡಿ, ಅದಕ್ಕೆ ಸಹಾಯ ಕೇಳಿ. ಹಿಂದೆ ಓದಿದ್ದಕ್ಕೆ ವಿನಾಯಿತಿ ಉಂಟೇ ಎಂದು ವಿಚಾರಿಸಿ. ಮನೆಗೂ ಕಚೇರಿಗೂ ನಿಮ್ಮ ಪಟ್ಟಿ ತೋರಿಸಿ. ಮುಂಚೆ ಕೇಳಿದವರಿಗೆ ಇಲ್ಲವೆನ್ನುವುದು ಕಷ್ಟ. ಮಾರ್ಗದರ್ಶಕರನ್ನು ಕಾಣದೆ ಅರ್ಜಿ ಕೊಡಬೇಡಿ. ಅವರು ಕೂತಿರುವುದೇ ನಿಮಗಾಗಿ.

ನಾಳೆಯೇ ಹೋಗಿ ಬಾಗಿಲು ತಟ್ಟಿ.